ಒಂಬತ್ತನೇ ಮೊಳೆ

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಗೈಡ್ ದೋಣಿಕಟ್ಟೆಯ ಹಿಂದಿನ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಲೈಫ್ ಜಾಕೆಟ್ ತೊಳೆಯುತ್ತಿದ್ದಳು. ಉಪ್ಪುನೀರು ಒಣಗಿದರೆ ಬಕಲ್ ಕಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರತಿ ಪ್ರವಾಸ ಮುಗಿದ ಮೇಲೂ ಜಾಕೆಟ್‌ಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಬಕಲ್‌ಗಳನ್ನು ತಿಕ್ಕಿ, ತಂತಿಗೆ ತಲೆಕೆಳಗಾಗಿ ನೇತುಹಾಕುವುದು ಅವಳ ಪದ್ಧತಿ. ಹನ್ನೆರಡು ಜಾಕೆಟ್‌ಗಳೂ ತಂತಿಗೇರಿದವು. ಇನ್ನು ಉಳಿದದ್ದು ಗುಡಿಸುವ ಕೆಲಸ. ಪೊರಕೆ ಹಿಡಿದು ಮುಂದಿನ ಕೋಣೆಗೆ ಬಂದವಳು ಚಪ್ಪಲಿ ಗೂಡಿನ ಮುಂದೆ ನಿಂತಳು.

ಕೆಳಗಿನ ಸಾಲಿನಲ್ಲಿ ಒಂದು ಜೊತೆ ಕಪ್ಪು ಚರ್ಮದ ಶೂ ಇತ್ತು. ಪಾಲಿಶ್ ಮಾಡಿದ್ದು. ಬೂದು ಬಣ್ಣದ ಕಾಲುಚೀಲಗಳನ್ನು ನೀಟಾಗಿ ಮಡಚಿ ಒಂದೊಂದರಲ್ಲಿ ಒಂದೊಂದನ್ನು ಇಡಲಾಗಿತ್ತು.

ಇಲ್ಲಿಂದ ಮರಳು ದ್ವೀಪಕ್ಕೆ ಹೋಗುವವರೆಲ್ಲ ತಮ್ಮ ಪಾದರಕ್ಷೆಯನ್ನು ಈ ಗೂಡಿನಲ್ಲಿ ಬಿಟ್ಟು, ಪ್ರವಾಸ ಸಂಸ್ಥೆಯವರು ಕೊಡುವ ರಬ್ಬರ್ ಚಪ್ಪಲಿ ಹಾಕಿಕೊಂಡು ದೋಣಿ ಹತ್ತುತ್ತಾರೆ. ಭಾನುವಾರ ಮಧ್ಯಾಹ್ನ ಹೊರಟು, ದ್ವೀಪದಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆದು, ಸೋಮವಾರ ಬೆಳಿಗ್ಗೆ ಮರಳುತ್ತಾರೆ. ಮರಳಿದವರು ರಬ್ಬರ್ ಚಪ್ಪಲಿಯನ್ನು ಬಕೆಟ್ಟಿಗೆ ಎಸೆದು ತಮ್ಮದನ್ನು ಹಾಕಿಕೊಂಡು ಮನೆಗೆ ಹೋಗುತ್ತಾರೆ. ಆ ದಿನ ಮರಳಿದವರು ಎಂಟೂ ಮುಕ್ಕಾಲಿಗೆಲ್ಲ ಹೊರಟುಹೋಗಿದ್ದರು.

ಯಾರೋ ರಬ್ಬರ್ ಚಪ್ಪಲಿಯಲ್ಲೇ ಬಸ್ಸು ಹತ್ತಿರಬೇಕು ಎಂದುಕೊಂಡಳು. ಹಿಂದೆ ಹಾಗಾಗಿದ್ದುಂಟು. ಬಕೆಟ್ಟನ್ನು ನೆಲಕ್ಕೆ ಸುರಿದು ನೋಡಿದಳು. ಹನ್ನೊಂದು ಜೊತೆ.

ಲೆಕ್ಕ ಅವಳ ಊಹೆಗೆ ಹೊಂದುತ್ತಿತ್ತು. ಆದರೂ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಡಲು ಅವಳಿಗೆ ತೋಚಲಿಲ್ಲ. ಗೋಡೆಯ ಬದಿಗೆ ನೀರು ನುಗ್ಗದ ಹಳದಿ ಪೆಟ್ಟಿಗೆ ಇತ್ತು. ಮರಳು ಹೊಕ್ಕರೆ ಹಾಳಾಗುವ ಸಾಮಾನನ್ನೆಲ್ಲ ದ್ವೀಪದಲ್ಲಿ ಅದರೊಳಗೆ ಹಾಕಿಸಿ ಬೀಗ ಹಾಕುತ್ತಾಳೆ, ದಡಕ್ಕೆ ಬಂದ ಮೇಲೆ ತೆರೆದಿಡುತ್ತಾಳೆ, ಅವರವರದನ್ನು ಅವರವರು ಎತ್ತಿಕೊಳ್ಳುತ್ತಾರೆ. ಅದರ ಮುಚ್ಚಳ ಎತ್ತಿದಳು. ತಳದಲ್ಲಿ ಒಂದು ಫೋನ್, ಅದರ ಪಕ್ಕ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ. ಡಬ್ಬಿಯೊಳಗೆ ಹತ್ತಿಯ ಮೇಲೆ ಕಿವಿಗೆ ಹಾಕುವ ಮೆಷಿನ್ ಇತ್ತು.

ಆಗ ಅವಳು ಕೂತಳು. ಕೂತದ್ದು ಬಕೆಟ್ಟಿನ ಚಪ್ಪಲಿಗಳ ಮೇಲೆ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು.

ಅವಳ ವಯಸ್ಸು ನಲವತ್ತಾರು. ಊರಿನವರಿಗೆ, ಬಂದವರಿಗೆ, ಎಲ್ಲರಿಗೂ ಅಕ್ಕ. ಅವಳ ಸ್ವಂತ ಅಕ್ಕನ ಗಂಡ, ಅಂದರೆ ಭಾವನೇ, ದೋಣಿ ನಡೆಸುವವನು; ಅವನೊಬ್ಬ ಮಾತ್ರ ಛೇಡಿಸುವುದಕ್ಕೆಂದು ಗೈಡಮ್ಮ ಎನ್ನುತ್ತಾನೆ. ಗೈಡ್ ಆಗುವ ಮೊದಲು ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದಳು. ಗಂಡನಿಗೆ ಟೈರ್ ಅಂಗಡಿ ಇದೆ. ಅಂಗಡಿಯ ಮೇಲೆಯೇ ಎರಡು ಕೋಣೆಯ ಮನೆ. ಬಂದರು ಕಚೇರಿ ಕೊಟ್ಟ ಲೈಸೆನ್ಸನ್ನು ಚೌಕಟ್ಟು ಹಾಕಿಸಿ, ಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಿದ್ದು ಗಂಡನೇ. ಹದಿನಾರು ವರ್ಷದಿಂದ ಅವಳು ವಾರಕ್ಕೊಂದು ಸಲ, ಮಳೆಗಾಲದ ತಿಂಗಳುಗಳನ್ನು ಬಿಟ್ಟು, ಹನ್ನೆರಡು ಜನರನ್ನು ದ್ವೀಪಕ್ಕೆ ಕರೆದೊಯ್ದಿದ್ದಾಳೆ.

ದ್ವೀಪ ಎನ್ನುವುದು ದೊಡ್ಡ ಮಾತು. ನೀರಿಳಿದಾಗ ಎರಡೂವರೆ ಕಿಲೋಮೀಟರ್ ಉದ್ದದ ಮರಳು. ಮರವಿಲ್ಲ, ಗಿಡವಿಲ್ಲ, ಕಲ್ಲಿಲ್ಲ. ವರ್ಷ ವರ್ಷಕ್ಕೂ ಆಕಾರ ಬದಲಾಗುತ್ತದೆ. ಪ್ರತಿ ಹಂಗಾಮಿನ ಮೊದಲ ದಿನ ಅವಳು ಕೋಲು ಹಿಡಿದು ನಡೆದು, ಎತ್ತರದ ದಿಬ್ಬ ಯಾವುದೆಂದು ಹುಡುಕಿ ಅಲ್ಲಿ ಡೇರೆಗಳಿಗೆ ಜಾಗ ಗುರುತು ಹಾಕುತ್ತಾಳೆ. ದಿಬ್ಬದ ನೆತ್ತಿಯಲ್ಲಿ ಎರಡು ಮರದ ಕಂಬಗಳನ್ನು ಆಳಕ್ಕೆ ಹೂತು, ನಡುವೆ ಅಡ್ಡಪಟ್ಟಿ ಬಡಿದು, ಅದಕ್ಕೆ ಹನ್ನೆರಡು ಮೊಳೆ ಹೊಡೆಸುತ್ತಾಳೆ. ಮೊಳೆಗಳ ಕೆಳಗೆ ಒಂದರಿಂದ ಹನ್ನೆರಡರವರೆಗೆ ಕೆಂಪು ಬಣ್ಣದ ಅಂಕಿಗಳು.

ಅವಳ ಕೆಲಸವೆಲ್ಲ ಆ ಮೊಳೆಗಳ ಮೇಲೆ ನಿಂತಿತ್ತು. ಮೊದಮೊದಲು ಎಲ್ಲ ಗೈಡ್‌ಗಳಂತೆ ಅವಳೂ ತಲೆ ಎಣಿಸುತ್ತಿದ್ದಳು. ಜನ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಬ್ಬ ಫೋಟೋ ತೆಗೆಯಲು ಓಡುತ್ತಿದ್ದ, ಇನ್ನೊಬ್ಬಳು ಡೇರೆಯ ಹಿಂದೆ ಬಟ್ಟೆ ಬದಲಿಸುತ್ತಿದ್ದಳು. ಎಣಿಕೆ ಎಂಟಕ್ಕೆ ಬರುವಷ್ಟರಲ್ಲಿ ಮೂರನೆಯವನು ಜಾಗ ಬದಲಿಸಿರುತ್ತಿದ್ದ. ಮೂರನೇ ವರ್ಷ ಒಬ್ಬ ದೊಡ್ಡ ಮನುಷ್ಯರು, “ಏನಮ್ಮಾ, ಬೆಳಗ್ಗಿಂದ ನಾಲ್ಕು ಸಲ ಎಣಿಸಿದ್ರಿ. ನಾವೇನು ಕುರಿಗಳಾ? ಉಣ್ಣೆ ಕತ್ತರಿಸ್ತೀರಾ ಹೇಗೆ?” ಎಂದರು. ಎಲ್ಲರೂ ನಕ್ಕರು. ಮುಂದಿನ ವಾರವೇ ಮೊಳೆಗಳು ಬಂದವು. ದ್ವೀಪಕ್ಕೆ ಇಳಿದವರು ತಮ್ಮ ನಂಬರಿನ ಜಾಕೆಟ್ಟನ್ನು ತಮ್ಮ ನಂಬರಿನ ಮೊಳೆಗೆ ಹಾಕಬೇಕು. ಹೊರಡುವಾಗ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಜಾಕೆಟ್ ಇಲ್ಲದವರನ್ನು ಭಾವ ದೋಣಿಗೆ ಹತ್ತಿಸುವುದಿಲ್ಲ. ಮೊಳೆ ಖಾಲಿಯಾದರೆ ದ್ವೀಪ ಖಾಲಿ. ಒಂದು ನೋಟ ಸಾಕು, ಮಳೆಯಲ್ಲೂ ಕಾಣುತ್ತದೆ, ಯಾರಿಗೂ ಕುರಿಯಾದಂತೆ ಅನ್ನಿಸುವುದಿಲ್ಲ. ಬೇರೆ ಊರಿನ ಇಬ್ಬರು ಗೈಡ್‌ಗಳು ಬಂದು ನೋಡಿ ಕಲಿತು ಹೋಗಿದ್ದರು.

ಆ ದಿನ ಬೆಳಿಗ್ಗೆ ಆರೂವರೆಗೆ ಗಾಳಿ ದಿಕ್ಕು ಬದಲಿಸಿತು. ಒಂಬತ್ತಕ್ಕೆ ಹೊರಡಬೇಕಿದ್ದವರು ಏಳಕ್ಕೇ ಹೊರಡಬೇಕೆಂದು ಭಾವ ಹೇಳಿದ. ಅವಳು ಮೂರು ಸಲ ಸೀಟಿ ಊದಿದಳು. ನರ್ಸುಗಳ ಗುಂಪು ಎದ್ದು ಬಂತು, ಬೇಕರಿಯವರು ಮತ್ತು ಅವರ ಹೆಂಡತಿ ಬಂದರು, ಮಿಕ್ಕವರೂ ಬಂದರು. ಮಳೆ ಹನಿಯತೊಡಗಿತು. ಅರ್ಧ ಗಂಟೆಯಲ್ಲಿ ಡೇರೆಗಳನ್ನು ಸುತ್ತಿ ದೋಣಿಗೆ ತುಂಬಿದರು. ಅವಳು ದಿಬ್ಬದತ್ತ ತಿರುಗಿ ನೋಡಿದಳು. ಹನ್ನೆರಡು ಮೊಳೆಗಳೂ ಖಾಲಿ ಇದ್ದವು. “ಹೊರಡು ಭಾವ” ಎಂದಳು. ದಾರಿಯುದ್ದಕ್ಕೂ ಎಲ್ಲರೂ ಟಾರ್ಪಾಲಿನ ಕೆಳಗೆ ತಲೆ ತಗ್ಗಿಸಿ ಕೂತಿದ್ದರು. ನಾಲ್ಕು ಜನ ವಾಂತಿ ಮಾಡಿಕೊಂಡರು. ಯಾರೂ ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಒಬ್ಬರೇ ಬಂದಿದ್ದವರು ಒಬ್ಬರೇ ಒಬ್ಬರು. ಒಂಬತ್ತನೇ ನಂಬರ್. ಲಿಫ್ಟ್ ಮೆಕ್ಯಾನಿಕ್, ಹೋದ ತಿಂಗಳು ನಿವೃತ್ತರಾದವರು. ಮಗಳು ಉಡುಗೊರೆಯಾಗಿ ಈ ಪ್ರವಾಸ ಬುಕ್ ಮಾಡಿದ್ದಳು. ಭಾನುವಾರ ಸಂಜೆ ಅವರು ಕಿವಿಯ ಮೆಷಿನ್ನನ್ನು ಬೆರಳ ತುದಿಯಲ್ಲಿ ಹಿಡಿದು, “ಇದಕ್ಕೂ ಮರಳು ಹೋಗತ್ತಾ ಅಕ್ಕಾ?” ಎಂದು ಕೇಳಿದ್ದರು. “ಫೋನಿಗಿಂತ ಮೊದಲು ಅದಕ್ಕೇ ಹೋಗೋದು. ಕೊಡಿ ಇತ್ಲಾಗೆ” ಎಂದು ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿದವಳು ಇವಳೇ.

ದೋಣಿಕಟ್ಟೆಗೆ ಓಡಿದಾಗ ಭಾವ ಎಂಜಿನ್ನಿನ ಮುಚ್ಚಳ ತೆಗೆದು ಒರೆಸುತ್ತಿದ್ದ.

“ಭಾವ, ಒಬ್ಬರನ್ನ ಬಿಟ್ಟು ಬಂದಿದೀವಿ.”

“ಏನನ್ನ?”

“ಒಬ್ಬರನ್ನ. ಲಿಫ್ಟ್‌ನವರನ್ನ. ಅಲ್ಲೇ ಇದಾರೆ.”

ಅವನು ಬಟ್ಟೆಯಿಂದ ಕೈ ಒರೆಸಿಕೊಂಡ, ಒರೆಸಿಕೊಂಡೇ ಇದ್ದ. “ಹನ್ನೆರಡೂ ಖಾಲಿ ಇತ್ತಲ್ಲ. ನಾನೂ ನೋಡಿದೆ. ನೀನೂ ನೋಡ್ದೆ.”

“ಜಾಕೆಟ್ ಹನ್ನೆರಡೂ ಬಂದಿದೆ. ಅವರು ಬಂದಿಲ್ಲ.”

“ಅದು ಹೇಗಾಗತ್ತೆ?”

“ಹೇಗಾಯ್ತು ಅಂತ ಆಮೇಲೆ ನೋಡೋಣ. ಡೀಸೆಲ್ ಇದೆಯಾ?”

ನೀರು ಪೂರ್ತಿ ಏರುವ ಹೊತ್ತು ಹನ್ನೆರಡೂ ಇಪ್ಪತ್ತು. ಸಾಧಾರಣ ದಿನಗಳಲ್ಲಿ ಎಷ್ಟು ಏರಿದರೂ ದಿಬ್ಬದ ಮೇಲೆ ಹನ್ನೆರಡು ಡೇರೆ ನಿಲ್ಲುವಷ್ಟು ಜಾಗ ಉಳಿಯುತ್ತದೆ. ಗಾಳಿ ಹಿಂದಿನಿಂದ ನೂಕಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಲ್ಲಿ ನಿಂತು ನೋಡಿದವರು ಯಾರೂ ಇಲ್ಲ. ಕರಾವಳಿ ಕಾವಲಿನ ಕಚೇರಿಗೆ ಫೋನ್ ಮಾಡಿದಳು. ಅವರ ದೋಣಿ ಕೆಟ್ಟುನಿಂತ ಮೀನುಗಾರರ ನೆರವಿಗೆ ಇನ್ನೊಂದು ದಿಕ್ಕಿಗೆ ಹೋಗಿತ್ತು. ಮಧ್ಯಾಹ್ನ ಒಂದರೊಳಗೆ ಬರುವುದು ಕಷ್ಟ ಎಂದರು.

ಭಾವ ಹಗ್ಗ ಬಿಚ್ಚುತ್ತಿದ್ದಾಗ ಅವಳ ಅಂಗೈಯಲ್ಲಿದ್ದ ಮೆಕ್ಯಾನಿಕ್ಕರ ಫೋನ್ ನಡುಗತೊಡಗಿತು. ಪರದೆಯ ಮೇಲೆ ‘ಪುಟ್ಟಿ’ ಎಂದು ಬರುತ್ತಿತ್ತು.

“ಎತ್ತಬೇಡ” ಎಂದ ಭಾವ. “ಎತ್ತಿದ್ರೂ ಬಾತ್‌ರೂಮಲ್ಲಿದಾರೆ ಅನ್ನು. ಕರ್ಕೊಂಡು ಬಂದ್ಮೇಲೆ ಅವರೇ ಮಾತಾಡ್ಲಿ.”

ಫೋನ್ ನಿಂತಿತು. ಮತ್ತೆ ಶುರುವಾಯಿತು. ಅವಳು ಎತ್ತಿದಳು.

“ಅಪ್ಪಾ, ಬಸ್ ಸಿಕ್ತಾ? ಎಷ್ಟು ಸಲ ಮಾಡೋದು?”

“ನಿಮ್ಮಪ್ಪ ಅಲ್ಲಮ್ಮ. ನಾನು ಗೈಡ್.”

“ಓ ಅಕ್ಕಾ, ಹೇಳಿ. ಅಪ್ಪ ಎಲ್ಲಿ? ನಿದ್ದೆ ಮಾಡಿದ್ರಂತಾ?”

“ಅವರನ್ನ ದ್ವೀಪದಲ್ಲೇ ಬಿಟ್ಟು ಬಂದಿದೀವಿ.”

ಆ ಕಡೆಯಿಂದ ಯಾವುದೋ ಆಫೀಸಿನ ಸದ್ದು ಕೇಳುತ್ತಿತ್ತು. ಯಾರೋ ಸ್ಟೇಪ್ಲರ್ ಒತ್ತುತ್ತಿದ್ದರು.

“ಬಿಟ್ಟು ಬಂದಿದೀವಿ ಅಂದ್ರೆ?”

“ತಪ್ಪಿ ಬಿಟ್ಟು ಬಂದ್ವಿ. ಈಗ ಗೊತ್ತಾಯ್ತು. ಈಗ್ಲೇ ವಾಪಸ್ ಹೊರಟಿದೀನಿ.”

“ಅವರಿಗೆ ಈಜು ಬರಲ್ಲ.”

“ಗೊತ್ತು.”

“ಕಿವಿಗೆ ಮೆಷಿನ್ ಹಾಕ್ಕೊಂಡಿದಾರಾ? ಅದಿಲ್ಲದಿದ್ರೆ ಪಕ್ಕದಲ್ಲಿ ಕೂಗಿದ್ರೂ ಕೇಳಲ್ಲ.”

“ಅದೂ ನನ್ನ ಹತ್ರಾನೇ ಇದೆ.”

ಮಗಳು ಅಳಲಿಲ್ಲ, ಬೈಯಲಿಲ್ಲ. “ನಾನು ಹೊರಡ್ತೀನಿ. ನಾಲ್ಕು ಗಂಟೆ ದಾರಿ” ಎಂದಳು. ಆಮೇಲೆ, ಬೇರೆ ಯಾರಿಗೋ ಹೇಳುವಂತೆ, “ನಾನೇ ಕಳಿಸಿದ್ದು” ಎಂದಳು. ಲೈನ್ ಕಡಿಯಿತು.

ಗಾಳಿಗೆ ಎದುರಾಗಿ ಹೋಗಬೇಕಿದ್ದ ಕಾರಣ ಒಂದು ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಒಮ್ಮೆ ಭಾವ, “ಬಾತ್‌ರೂಮ್ ಅನ್ನಬಹುದಿತ್ತು” ಎಂದ. ಇನ್ನೊಮ್ಮೆ, “ಡೇರೆ? ಅವರ ಡೇರೆ ಯಾರು ಬಿಚ್ಚಿದ್ದು?” ಎಂದ. ಅದೇ ಅವಳ ತಲೆಯಲ್ಲೂ ಕೊರೆಯುತ್ತಿತ್ತು. ಬೆಳಿಗ್ಗೆ ಅವಳು ಏಳುವ ಮೊದಲೇ ಒಂದು ಡೇರೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಸಾಮಾನು ಇಡುವ ಜಾಗದಲ್ಲಿ ಕೂತಿತ್ತು. ಎಂಥ ಶಿಸ್ತಿನ ಜನ ಬಂದಿದ್ದಾರೆ ಈ ಸಲ ಎಂದು ಮನಸ್ಸಿನಲ್ಲೇ ಹೊಗಳಿದ್ದಳು.

ಹನ್ನೊಂದೂ ನಲವತ್ತಕ್ಕೆ ದ್ವೀಪ ಕಾಣಬೇಕಾದ ಜಾಗಕ್ಕೆ ಬಂದರು. ದ್ವೀಪ ಕಾಣಲಿಲ್ಲ.

ಬಿಳಿ ನೊರೆಯ ಉದ್ದನೆಯ ಗೆರೆಯೊಂದಿತ್ತು, ಅದರ ನಡುವೆ ಎರಡು ಕಂಬ, ಒಂದು ಅಡ್ಡಪಟ್ಟಿ. ಅದಕ್ಕೆ ಅಂಟಿಕೊಂಡಂತೆ ಒಂದು ಆಕಾರ. ದೋಣಿ ಇನ್ನಷ್ಟು ಹತ್ತಿರವಾದಾಗ ಅದು ಮನುಷ್ಯನೆಂದು ತಿಳಿಯಿತು. ನೀರು ಮೊಣಕಾಲು ಮುಟ್ಟಿತ್ತು, ಅಲೆ ಬಂದಾಗ ಸೊಂಟ. ಅವರು ತಮ್ಮ ಬೆಲ್ಟನ್ನು ಬಿಚ್ಚಿ, ಕಂಬವನ್ನೂ ಎದೆಯನ್ನೂ ಸೇರಿಸಿ ಬಿಗಿದುಕೊಂಡಿದ್ದರು. ಎರಡೂ ಕೈಗಳಿಂದ ಅಡ್ಡಪಟ್ಟಿಯನ್ನು ಹಿಡಿದಿದ್ದರು. ಬೆನ್ನು ದೋಣಿಯ ಕಡೆಗಿತ್ತು.

ಅವಳು ಸೀಟಿ ಊದಿದಳು. ಊದಿದ ಮೇಲೆ ನೆನಪಾಯಿತು.

ಅದಕ್ಕಿಂತ ಹತ್ತಿರ ಹೋದರೆ ದೋಣಿ ಮರಳಿಗೆ ತಾಗಿ ಅಡ್ಡ ತಿರುಗುತ್ತಿತ್ತು. ತಾನೊಂದು ಜಾಕೆಟ್ ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ಜಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಅವಳು ನೀರಿಗೆ ಬಿದ್ದಳು. ಐವತ್ತು ಮೀಟರ್ ಇರಬಹುದು. ಈಜುಕೊಳದಲ್ಲಿ ಎರಡು ಉದ್ದ. ಅಷ್ಟನ್ನು ಈಜಲು ಎಷ್ಟು ಹೊತ್ತಾಯಿತು ಎಂದು ಭಾವನನ್ನು ಕೇಳಿದರೆ ಅವನು ಒಂದೊಂದು ಸಲ ಒಂದೊಂದು ಹೇಳುತ್ತಾನೆ. ಅವಳು ಹಿಂದಿನಿಂದ ಹೆಗಲು ಮುಟ್ಟಿದಾಗ ಮೆಕ್ಯಾನಿಕ್ ತಿರುಗಿದರು. ತುಟಿ ನೀಲಿಗಟ್ಟಿತ್ತು. ತನ್ನ ದನಿ ತನಗೆ ಕೇಳದವರು ಮಾತಾಡುವಷ್ಟು ಜೋರಾಗಿ ಅವರು ಹೇಳಿದರು: “ಈ ಕಂಬ ಚೆನ್ನಾಗಿ ಹೂತಿದೀರಿ.”

ಬೆಲ್ಟಿನ ಬಕಲ್ ನೆನೆದು ಬಿಗಿದಿತ್ತು. ಅವರ ಬೆರಳುಗಳು ಮಡಚುತ್ತಿರಲಿಲ್ಲ. ಅವಳೇ ಬಿಚ್ಚಿ ಅವರಿಗೆ ಜಾಕೆಟ್ ತೊಡಿಸಿದಳು, ಭಾವ ಹಗ್ಗ ಎಳೆದು ಇಬ್ಬರನ್ನೂ ದೋಣಿಗೆ ತಂದ.

ದೋಣಿಯಲ್ಲಿ ಅವರಿಗೆ ಎರಡು ಕಂಬಳಿ ಹೊದಿಸಿದರು. ಅರ್ಧ ದಾರಿ ಬರುವವರೆಗೆ ಅವರು ನಡುಗಿದರು. ಆಮೇಲೆ ಕೈ ಚಾಚಿದರು. ಅವಳು ಡಬ್ಬಿ ಕೊಟ್ಟಳು. ಮೆಷಿನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಎಂಜಿನ್ನಿನ ಸದ್ದಿಗೆ ಮುಖ ಕಿವುಚಿಕೊಂಡು, ನಡೆದದ್ದನ್ನು ಹೇಳಿದರು.

ಮುಂಜಾನೆ ಐದೂವರೆಗೆ ಎಚ್ಚರವಾಗಿತ್ತು. ಎಲ್ಲರೂ ಮಲಗಿದ್ದರು. ಡೇರೆ ಮಡಚಿಟ್ಟು, ನೀರಿನ ಬಾಟಲಿ ಇದ್ದ ಕೈಚೀಲ ಹೆಗಲಿಗೆ ಹಾಕಿಕೊಂಡು ದ್ವೀಪದ ಆಚೆ ತುದಿಗೆ ನಡೆದು ಹೋದರು. ಹಿಂದಿನ ಸಂಜೆ ಅವಳೇ ಹೇಳಿದ್ದಳು: ನಾಳೆ ಬೆಳಿಗ್ಗೆ ಒಬ್ಬೊಬ್ಬರೇ ದ್ವೀಪ ಸುತ್ತಿ, ಯಾರ ಜೊತೆಗೂ ಮಾತಾಡಬೇಡಿ, ಒಂಬತ್ತಕ್ಕೆ ಇಲ್ಲಿರಿ. ಅವರು ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಂದರು. ಡೇರೆಗಳಿರಲಿಲ್ಲ.

“ಇದೂ ಪ್ರೋಗ್ರಾಮಲ್ಲಿದೆ ಅಂದ್ಕೊಂಡೆ” ಎಂದರು. “ಅಡ್ವೆಂಚರ್ ಅಂತ ಬರೆದಿದ್ರಲ್ಲ. ಎಲ್ಲೋ ಅಡಗಿಕೊಂಡು ನೋಡ್ತಿರ್ತಾರೆ, ಹೆದರ್ತೀನಾ ಇಲ್ವಾ ಅಂತ. ಹತ್ತು ಗಂಟೆವರೆಗೂ ನಗ್ತಾನೇ ಕೂತಿದ್ದೆ.”

ಭಾವ ಚುಕ್ಕಾಣಿಯ ಕಡೆ ಮುಖ ತಿರುಗಿಸಿದ.

“ಆಮೇಲೆ ನೀರು ಬಂತು. ಓಡಾಡಬಾರದು ಅಂತ ಗೊತ್ತಿತ್ತು. ಮೂವತ್ತೈದು ವರ್ಷ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೆ ಅದನ್ನೇ ಹೇಳ್ತಿದ್ದದ್ದು. ಇದ್ದಲ್ಲೇ ಇರಿ, ಬಾಗಿಲು ಜಗ್ಗಬೇಡಿ, ನೀವಲ್ಲಿದೀರಿ ಅಂತ ನಮಗೆ ಗೊತ್ತು ಅಂತ.” ಆಮೇಲೆ ಕೇಳಿದರು, “ನಿಮಗೆ ಯಾವಾಗ ಗೊತ್ತಾಯ್ತು?”

“ಒಂಬತ್ತೂ ಮುಕ್ಕಾಲಿಗೆ.”

“ಹೊರಟಿದ್ದು?”

“ಏಳಕ್ಕೆ.”

ಅವರು ಮನಸ್ಸಿನಲ್ಲೇ ಕೂಡಿಸಿ ಕಳೆಯುವುದು ಕಾಣುತ್ತಿತ್ತು. “ನಮ್ಮಲ್ಲಿ ಮೊದಲು ಕೇಳೋದೇ ಒಳಗೆ ಎಷ್ಟು ಜನ ಅಂತ” ಎಂದರು. ಚುಚ್ಚಲು ಹೇಳಿದಂತಿರಲಿಲ್ಲ. ಕೆಲಸದ ಮಾತು ಹೇಳಿದಂತೆ ಹೇಳಿದರು.

ಮಗಳು ಎರಡೂವರೆಗೆ ಬಂದಳು. ಅಪ್ಪ ಶೆಡ್ಡಿನ ಬೆಂಚಿನ ಮೇಲೆ, ಟೈರ್ ಅಂಗಡಿಯವನ ಅಂಗಿ ಪ್ಯಾಂಟು ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಪ್ಯಾಂಟು ನಾಲ್ಕು ಬೆರಳು ಮೋಟಾಗಿತ್ತು. ಮಗಳು ಅವರ ಮುಂದೆ ಮಂಡಿಯೂರಿ ಕೂತು, ಕೈ, ಮೊಣಕೈ, ಬೆಲ್ಟು ಒತ್ತಿ ಕೆಂಪಾಗಿದ್ದ ಪಕ್ಕೆ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಎದ್ದು ಗೈಡ್ ಕಡೆ ತಿರುಗಿದಳು.

“ಅಂಗಡಿಯಿಂದ ಮೊಟ್ಟೆ ತರೋವಾಗಲೂ ಎಣಿಸಿ ತರ್ತೀವಿ, ಅಕ್ಕಾ.”

“ಹೌದು” ಎಂದಳು ಗೈಡ್.

“ಹೌದು ಅಂದ್ರೆ ಆಗೋಯ್ತಾ?”

“ಇಲ್ಲ.”

ಅಪ್ಪ, “ಪುಟ್ಟೀ, ಸಾಕು ಬಿಡು. ಫೋನಲ್ಲಿ ಸುಳ್ಳು ಹೇಳಿಲ್ಲ ತಾನೇ?” ಎಂದರು. ಮಗಳು, “ಅದಕ್ಕೆ ಸನ್ಮಾನ ಮಾಡಬೇಕಾ?” ಎಂದಳು. ಇಬ್ಬರೂ ನಾಲ್ಕರ ಬಸ್ಸಿಗೆ ಹೋದರು.

ಮೊಳೆ ಖಾಲಿಯಾದದ್ದು ಹೇಗೆಂದು ಸಂಜೆ ಗೊತ್ತಾಯಿತು. ಗೈಡ್ ಉಳಿದ ಎಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಐದನೇ ಕರೆ ಬೇಕರಿಯವರಿಗೆ. ಅವರು ದಪ್ಪ ಮನುಷ್ಯರು, ನೀರೆಂದರೆ ಹೆದರಿಕೆ. ಹೆಂಡತಿಯ ಒತ್ತಾಯಕ್ಕೆ ಬಂದಿದ್ದವರು.

“ಜಾಕೆಟ್ಟಾ? ಹೂಂ, ನಾನು ಎರಡು ಹಾಕ್ಕೊಂಡಿದ್ದೆ. ಒಂದು ಎದೆಗೆ, ಒಂದು ಬೆನ್ನಿಗೆ. ಮೇಲೆ ರೈನ್‌ಕೋಟ್. ಪಕ್ಕದ ಮೊಳೆಲಿ ಒಂದು ಉಳಿದಿತ್ತು, ಎಕ್ಸ್‌ಟ್ರಾ ಇರಬೇಕು ಅಂದ್ಕೊಂಡೆ. ಯಾಕಮ್ಮಾ, ಹರಿದು ಹೋಗಿದ್ಯಾ? ದುಡ್ಡು ಕೊಡ್ತೀನಿ ಬೇಕಾದ್ರೆ.”

ಅವಳು ವಿಷಯ ಹೇಳಿದಳು. ಆ ಕಡೆ ಫೋನ್ ಕೆಳಗೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಎತ್ತಿಕೊಂಡು, “ಏನಂದ್ರಿ ಇವರಿಗೆ? ಗೋಡೆ ಹಿಡ್ಕೊಂಡು ಕೂತಿದಾರೆ” ಎಂದರು.

ಆ ವಾರ ಮನೆಯಲ್ಲಿ ಅದೇ ಮಾತು. ಬಂದರು ಕಚೇರಿಗೆ ಅವಳು ಬರೆಯುತ್ತಿದ್ದ ಹೇಳಿಕೆಯನ್ನು ಭಾವ ಹೆಗಲ ಮೇಲಿಂದ ಓದಿದ. “ಬೇಕರಿಯವನ ಹೆಸರು ಎಲ್ಲಿ? ಮೊದಲ ಸಾಲಲ್ಲೇ ಬರಬೇಕಲ್ಲ. ಅವನು ಜಾಕೆಟ್ ಕದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

“ಕದ್ದಿಲ್ಲ ಭಾವ. ಹೆದರಿದ್ರು.”

“ನಾವೂ ಹೆದರಿದೀವಿ ಈಗ. ಬರಿ.”

“ನಾಲ್ಕನೇ ಸಾಲಲ್ಲಿ ಬರೆದಿದೀನಿ, ಎರಡು ಜಾಕೆಟ್ ಹಾಕಿದ್ರು ಅಂತ. ಅಷ್ಟು ಸಾಕು. ಅವರು ಎರಡು ಹಾಕ್ಕೊಂಡಿದ್ದು ಅವರ ತಪ್ಪಲ್ಲ. ನಾನು ಜಾಕೆಟ್ ಎಣಿಸಿದ್ದು ನನ್ನ ತಪ್ಪು.” ಪೆನ್ನು ಕೆಳಗಿಟ್ಟಳು. “ಹದಿಮೂರು ವರ್ಷದಿಂದ ಒಬ್ಬ ಮನುಷ್ಯನನ್ನೂ ಎಣಿಸಿಲ್ಲ ನಾನು. ಎಷ್ಟು ಜನ ಹೋಗಿ ಬಂದರು. ಅವರೆಲ್ಲ ವಾಪಸ್ ಬಂದಿದ್ದು ಅವರ ಪುಣ್ಯ, ನನ್ನ ಮೊಳೆದಲ್ಲ.”

ಅವಳ ಗಂಡ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ. ಕೆಳಗಿಳಿದು ಹೋಗಿ ಚೌಕಟ್ಟಿನಿಂದ ಲೈಸೆನ್ಸ್ ತೆಗೆದು ತಂದು ಮೇಜಿನ ಮೇಲಿಟ್ಟ. ಹೇಳಿಕೆಯ ಜೊತೆ ಅದನ್ನೂ ಒಪ್ಪಿಸಬೇಕೆಂದು ಕಚೇರಿಯವರು ಹೇಳಿದ್ದರು.

ತನ್ನಿಂದ ಕಲಿತು ಹೋದ ಆ ಇಬ್ಬರು ಗೈಡ್‌ಗಳಿಗೂ ಅವಳು ಅದೇ ರಾತ್ರಿ ಫೋನ್ ಮಾಡಿದಳು. ಒಬ್ಬ ತಕ್ಷಣ ಮೊಳೆ ಕೀಳಿಸುತ್ತೇನೆಂದ. ಇನ್ನೊಬ್ಬ, “ನಮ್ಮಲ್ಲಿ ಯಾವತ್ತೂ ತಪ್ಪಿಲ್ಲ ಅಕ್ಕಾ” ಎಂದ. “ನಮ್ಮಲ್ಲೂ ತಪ್ಪಿರಲಿಲ್ಲ” ಎಂದು ಅವಳು ಹೇಳಿದಳು. ಅವನು ಯೋಚಿಸಿ ಹೇಳುತ್ತೇನೆಂದು ಫೋನಿಟ್ಟ.

ಮಗಳು ದೂರು ಕೊಟ್ಟಿದ್ದಾಳೆ, ಹಿಂತೆಗೆದುಕೊಂಡಿಲ್ಲ. ಮೆಕ್ಯಾನಿಕ್ಕರಿಗೂ ನೋಟಿಸ್ ಹೋಗಿದೆ. ಬಿಟ್ಟು ಹೋದದ್ದನ್ನೂ ಹೇಳುತ್ತೇನೆ, ಈಜಿ ಬಂದದ್ದನ್ನೂ ಹೇಳುತ್ತೇನೆ, ಯಾವುದು ಎಷ್ಟು ತೂಗುತ್ತದೋ ಅವರೇ ನೋಡಿಕೊಳ್ಳಲಿ ಎಂದು ಅವರು ಗೈಡ್‌ಗೆ ಫೋನ್ ಮಾಡಿ ತಿಳಿಸಿದ್ದಾರೆ. ತಪ್ಪು ಸಾಬೀತಾದರೆ ಲೈಸೆನ್ಸ್ ಐದು ವರ್ಷ ವಾಪಸ್ ಸಿಗುವುದಿಲ್ಲ. ವಿಚಾರಣೆ ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಂದರು ಕಚೇರಿಯ ಎರಡನೇ ಮಹಡಿಯಲ್ಲಿ.